ನರಿಯ ಬಂಡಿಗೆ ಐದು ವರ್ಷದ ಗ್ಯಾರಂಟಿ

ಒಂದು ಕಾಡಿನಲ್ಲಿ ಬಂಡಿ ಮಾಡಿ ಮಾರುವ ನರಿಯೊಂದಿತ್ತು. "ಐದು ವರ್ಷ ಗ್ಯಾರಂಟಿ! ಏನು ಮುರಿದರೂ ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇನೆ" ಎಂದು ಕೂಗುತ್ತಿತ್ತು. ಆ ಮಾತು ನಂಬಿ ಪ್ರಾಣಿಗಳು ಜೇನು, ಗೆಡ್ಡೆ, ಹಣ್ಣು ತಂದು ಸುರಿದು ಬಂಡಿ ಒಯ್ಯುತ್ತಿದ್ದವು.

ಬಂದದ್ದನ್ನೆಲ್ಲ ನರಿ ತಾನೇ ಇಟ್ಟುಕೊಂಡಿತು. ಮರ ತಂದುಕೊಡುತ್ತಿದ್ದ ಕರಡಿಗೆ ಒಂದು ತೊಟ್ಟು ಜೇನನ್ನೂ ಕೊಡಲಿಲ್ಲ. ಕರಡಿ ಸಿಟ್ಟಾಗಿ ಮರ ತರುವುದನ್ನೇ ನಿಲ್ಲಿಸಿತು. ತನ್ನ ಬಂಡಿ ಕಾರ್ಖಾನೆ ಇನ್ನು ನಡೆಯುವುದಿಲ್ಲವೆಂದು ನರಿಗೆ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಉಳಿದಿದ್ದ ಮೆತ್ತನೆಯ ಕಟ್ಟಿಗೆಯಲ್ಲೇ ಕೊನೆಯ ಬಂಡಿ ಕಟ್ಟಿ ಮುಳ್ಳುಹಂದಿಗೆ ಮಾರಿತು.

"ನರಿಯಣ್ಣ, ಚಕ್ರ ಅಲ್ಲಾಡುತ್ತಿದೆಯಲ್ಲ?" ಎಂದು ಮುಳ್ಳುಹಂದಿ ಕೇಳಿತು.

"ಏನಾದರೂ ಆದರೆ ನಾನಿಲ್ಲವೇ ತಂಗಿ?" ಎಂದಿತು ನರಿ.

ಮರುದಿನವೇ ನರಿ ದಿವಾಳಿಯೆಂದು ಬಾಗಿಲು ಹಾಕಿತು. ಮರದ ಬಾಕಿಯ ಬದಲಿಗೆ ಕಾರ್ಖಾನೆ ಕರಡಿಯ ಪಾಲಾಯಿತು.

ಅದೇ ವಾರ ಕಾಡಿಗೆ ಬೆಂಕಿ ಬಿತ್ತು. ಮುಳ್ಳುಹಂದಿ ಪುಟ್ಟ ಮರಿಗಳನ್ನು ಬಂಡಿಯಲ್ಲಿ ಕೂರಿಸಿ ಹೊಳೆಯ ಕಡೆಗೆ ಎಳೆಯಿತು. ಹಿಂದೆ ಬಿದಿರು ಸಿಡಿಯುತ್ತಿತ್ತು. ಹೊಗೆಗೆ ಮರಿಗಳು ಕೆಮ್ಮಿದವು. ಕಾರ್ಖಾನೆಯ ಹತ್ತಿರ ಬರುವಾಗ ಚಕ್ರ ಹಿಡಿದಿದ್ದ ಕಡಾಣಿ ಮುರಿಯಿತು. ಚಕ್ರ ಕಳಚಿ ಉರುಳಿತು. ಬಂಡಿ ಒಂದು ಬದಿಗೆ ಕುಸಿಯಿತು.

ಮುಳ್ಳುಹಂದಿ ಓಡಿ ಬಾಗಿಲು ಬಡಿಯಿತು. "ನರಿಯಣ್ಣ! ಬೇಗ ಬಾ!"

ಕರಡಿ ಹೊರಗೆ ಬಂತು. "ನರಿ ಇಲ್ಲ. ಕಾರ್ಖಾನೆ ಈಗ ನನ್ನದು."

"ಹಾಗಾದರೆ ನೀನೇ ಸರಿ ಮಾಡು, ಕರಡಿಯಣ್ಣ. ಗ್ಯಾರಂಟಿ ಇದೆ."

"ಉಳಿ, ಸುತ್ತಿಗೆ ನನಗೆ ಬಂದಿವೆ. ನರಿ ಕೊಟ್ಟ ಮಾತು ನನಗೆ ಬಂದಿಲ್ಲ."

"ಮಾತು ಯಾರದಾದರೂ ಆಗಲಿ ಅಣ್ಣ, ಮರಿಗಳು ನನ್ನವು!"

ಕರಡಿ ಬಂಡಿಯ ಕಡೆ ನೋಡಿತು. ಕಿಡಿಗಳು ಅದರ ಮೇಲೆಯೇ ಹಾರುತ್ತಿದ್ದವು. ಗಟ್ಟಿ ಮರದ ಕಡಾಣಿಯೊಂದನ್ನು ಹಿಡಿದು ಓಡಿತು. ಬಂಡಿಯನ್ನು ಹೆಗಲಿನಿಂದ ಎತ್ತಿ, ಚಕ್ರ ಸೇರಿಸಿ, ಕಡಾಣಿ ಬಡಿಯಿತು. ಇಬ್ಬರೂ ಸೇರಿ ಬಂಡಿಯನ್ನು ಹೊಳೆಗೆ ಇಳಿಸಿದರು. ನೀರು ದಾಟಿದ ಮೇಲೆಯೇ ಮುಳ್ಳುಹಂದಿಗೆ ಉಸಿರು ಬಂತು.

ಅತ್ತ ನರಿಯೂ ಕೂಡಿಟ್ಟ ಜೇನಿನ ಗಡಿಗೆಗಳನ್ನು ತನ್ನದೇ ಬಂಡಿಯಲ್ಲಿ ಹೇರಿಕೊಂಡು ಓಡುತ್ತಿತ್ತು. ದಡದ ಹತ್ತಿರ ಅದರ ಚಕ್ರವೂ ಕಳಚಿತು.

"ಗಡಿಗೆ ಬಿಟ್ಟು ಓಡಿ ಬಾ!" ಎಂದು ಕರಡಿ ಆಚೆಯಿಂದ ಕಿರುಚಿತು.

ನರಿ ಗಡಿಗೆ ತಬ್ಬಿಕೊಂಡೇ ನಿಂತಿತು. ಬಾಲಕ್ಕೆ ಬೆಂಕಿ ಹತ್ತಿದಾಗ ಎಲ್ಲವನ್ನೂ ಬಿಟ್ಟು ನೀರಿಗೆ ಹಾರಿತು. ಕೂಡಿಟ್ಟ ಜೇನೆಲ್ಲ ಸುಟ್ಟುಹೋಯಿತು.

ಬೆಂಕಿ ಆರಿದ ಮೇಲೆ ನರಿ ಮತ್ತೆ ಅಂಗಡಿ ಹಾಕಿತು. "ಈ ಸಲ ಹತ್ತು ವರ್ಷ ಗ್ಯಾರಂಟಿ!" ಎಂದು ಕೂಗಿತು. ಪ್ರಾಣಿಗಳು ಅದರ ಎದುರಿಗೇ ಹಾದುಹೋದವು. ಯಾರೂ ನಿಲ್ಲಲಿಲ್ಲ. ಎಲ್ಲರೂ, ಬೆಂಕಿಯಿಂದ ಉಳಿದ ಕಾರ್ಖಾನೆಯಲ್ಲಿ ಬಂಡಿ ಕಟ್ಟುತ್ತಿದ್ದ ಕರಡಿಯ ಹತ್ತಿರ ಹೋದರು.

"ನಿನ್ನ ಬಂಡಿಗೆ ಎಷ್ಟು ವರ್ಷ, ಅಣ್ಣ?" ಎಂದು ಮುಳ್ಳುಹಂದಿ ಕೇಳಿತು.

"ವರ್ಷ ಹೇಳಲಾರೆ ತಂಗಿ. ಈ ಮಳೆಗಾಲ ಮುಗಿಯುವವರೆಗೆ ಮುರಿದರೆ ಸರಿ ಮಾಡಿಕೊಡುತ್ತೇನೆ. ಅಷ್ಟಕ್ಕೆ ಬೇಕಾದ ಮರ ಒಳಗಿದೆ, ಬಂದು ನೋಡು."

ಮುಳ್ಳುಹಂದಿ ಒಳಗೆ ಹೋಗಿ ನೋಡಿತು. ಆಮೇಲೆಯೇ ಹೊಸ ಬಂಡಿ ಮಾಡಿಕೊಡಲು ಹೇಳಿತು.

ನೀತಿ: ಭರವಸೆಯನ್ನು ನಂಬುವ ಮೊದಲು, ಅದನ್ನು ಕೊಟ್ಟವರು ಕೊನೆಯವರೆಗೆ ನಿಲ್ಲಬಲ್ಲರೇ ಎಂದು ನೋಡಿಕೊಳ್ಳಬೇಕು.