ಅಂಬಿಗರ ಉಸಿರು

ಶಿಷ್ಯ ಕೇಳಿದ: "ಗುರುಗಳೇ, ಒಂದೇ ಊರು, ಒಂದೇ ಹೊಳೆಯ ನೀರು. ಆದರೂ ಒಂದು ಕೇರಿಯವರು ಮೊಮ್ಮಕ್ಕಳ ಮದುವೆ ನೋಡಿ ಸಾಯುತ್ತಾರೆ. ಇನ್ನೊಂದು ಕೇರಿಯವರು ತಲೆ ನರೆಯುವ ಮೊದಲೇ ಹೋಗುತ್ತಾರೆ. ಕಾರಣವೇ ತಿಳಿಯದಿರುವಾಗ ವೈದ್ಯನಾದವನು ಏನು ಮಾಡಬೇಕು?"

ಶಿಷ್ಯ ವೈದ್ಯವಿದ್ಯೆ ಕಲಿತು ಮುಗಿಸಿದ್ದ. ಮರುದಿನ ದೂರದ ಊರೊಂದಕ್ಕೆ ವೈದ್ಯನಾಗಿ ಹೊರಡುವವನಿದ್ದ. ಗುರುಗಳು ಅರೆಯುತ್ತಿದ್ದ ಬೇರನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಕಲ್ಲುಕುಟಿಗರ ಕೆಮ್ಮು ಅವರ ರಕ್ತದಲ್ಲೇ ಇದೆ ಎಂದು ಆಗ ಎಲ್ಲರೂ ನಂಬಿದ್ದರು. ಕಲ್ಲುಕುಟಿಗರೂ ನಂಬಿದ್ದರು. ಅಜ್ಜ ಕೆಮ್ಮಿ ಸತ್ತ, ಅಪ್ಪ ಕೆಮ್ಮಿ ಸತ್ತ, ಈಗ ಅಣ್ಣ ಕೆಮ್ಮುತ್ತಿದ್ದಾನೆ ಎಂದಮೇಲೆ ನಂಬದೆ ಇರುವುದು ಕಷ್ಟ. ಮೊಂಡು ಮೂಗು, ಗಿಡ್ಡ ಕಾಲುಗಳ ಹಾಗೆ ಕೆಮ್ಮೂ ಮನೆತನದ ಆಸ್ತಿ ಎಂದುಕೊಂಡಿದ್ದರು.

ಅರಮನೆ ಕಟ್ಟುವ ಕೆಲಸ ನಡೆದಿತ್ತು. ಕಲ್ಲುಕುಟಿಗರು ಹೀಗೆ ಸಾಯುತ್ತಾ ಹೋದರೆ ಕೆಲಸ ನಿಲ್ಲುತ್ತದೆ. ಆದ್ದರಿಂದ ರಾಜನಿಗೆ ಅವರ ಮೇಲೆ ಮರುಕ ಹುಟ್ಟಿತು. ಕಾರಣ ಹುಡುಕಿ ಬಾ ಎಂದು ಆಸ್ಥಾನದ ವೈದ್ಯನನ್ನು ಕಳಿಸಿದ.

ವೈದ್ಯ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಅವರು ಕಲ್ಲು ಒಡೆಯುವ ಬಂಡೆಯ ಪಕ್ಕದಲ್ಲೇ ಚಪ್ಪರ ಹಾಕಿಸಿಕೊಂಡು ಒಂದು ವರ್ಷ ಪೂರ್ತಿ ಕುಳಿತ. ಯಾರ ಮಗ ಯಾರು, ಯಾರಿಗೆ ಯಾರನ್ನು ಕೊಟ್ಟರು, ಯಾರು ಹೇಗೆ ಸತ್ತರು ಎಂದು ಮನೆಮನೆಯವರನ್ನೂ ಕರೆಸಿ ಕೇಳಿದ.

ಹಾಗೆ ಚಪ್ಪರಕ್ಕೆ ಹೋದವರಲ್ಲಿ ಹೊಸದಾಗಿ ಮದುವೆಯಾದ ಒಬ್ಬ ಕಲ್ಲುಕುಟಿಗನಿದ್ದ. ಉಳಿ ಸುತ್ತಿಗೆ ಕೆಳಗಿಟ್ಟು, ಮೈಮೇಲಿನ ಬಿಳಿ ಧೂಳು ಕೊಡವಿಕೊಂಡು, ವೈದ್ಯನ ಮುಂದೆ ಕುಳಿತ. ವೈದ್ಯನ ಮಾತು ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪ್ರತಿ ಪ್ರಶ್ನೆಗೂ "ಏನಂದ್ರಿ ಬುದ್ಧಿ?" ಎನ್ನಬೇಕಾಗುತ್ತಿತ್ತು. ಓದಿದವರ ಮಾತೇ ಹೀಗಿರಬೇಕು ಎಂದುಕೊಂಡು ಮುಂದಕ್ಕೆ ಬಾಗಿ ಕೇಳಿಸಿಕೊಂಡ.

"ನಮ್ಮ ಹೆಂಗಸರು ಕೆಮ್ಮೋದಿಲ್ಲ ಬುದ್ಧಿ," ಎಂದ ಕೊನೆಗೆ, ತನಗೆ ತೋಚಿದ್ದನ್ನು. "ನಮ್ಮಜ್ಜಿ ಗಂಡುಮಕ್ಕಳನ್ನೆಲ್ಲ ಮಣ್ಣು ಮಾಡಿ, ಈಗಲೂ ಸೊಸೆಯರ ಹತ್ತಿರ ಜಗಳ ಆಡಿಕೊಂಡು ಗಟ್ಟಿಯಾಗಿದ್ದಾಳೆ."

"ಹೆಣ್ಣಿನಲ್ಲಿ ಅದು ಅಡಗಿರುತ್ತದೆ," ಎಂದ ವೈದ್ಯ. "ಅವಳು ಅದನ್ನು ಮಗನಿಗೆ ದಾಟಿಸುತ್ತಾಳೆ."

ಆ ಸಿದ್ಧಾಂತದ ಹೆಚ್ಚುಗಾರಿಕೆಯೇ ಅದು. ಕೆಮ್ಮಿದವರೂ ಅದಕ್ಕೆ ಸಾಕ್ಷಿ, ಕೆಮ್ಮದವರೂ ಸಾಕ್ಷಿ.

ವರ್ಷ ತುಂಬಿದಾಗ ಗ್ರಂಥ ಸಿದ್ಧವಾಯಿತು. ರಾಜ ವೈದ್ಯನಿಗೆ ಶಾಲು ಹೊದಿಸಿದ. ಕೇರಿಯಲ್ಲಿ ಡಂಗುರ ಹೊಡೆಸಿದರು: ಈ ರೋಗ ರಕ್ತದ್ದು, ಇದಕ್ಕೆ ಮದ್ದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ. ಕೊನೆಯ ಮಾತನ್ನು ಎರಡು ಸಲ ಸಾರಿದರು.

ಕಲ್ಲುಕುಟಿಗನ ಹೆಂಡತಿ ಬಾಗಿಲಲ್ಲಿ ನಿಂತು ಡಂಗುರ ಕೇಳಿದಳು. ಒಳಗೆ ಬಂದು, "ಹೆಣ ಹೆರೋದು ನನ್ನ ಕೈಲಾಗೋದಿಲ್ಲ," ಎಂದಳು. ಅವನು ಒತ್ತಾಯಿಸಲಿಲ್ಲ.

ಆದರೆ ಗಂಡು ದಿಕ್ಕಿಲ್ಲದೆ ನಡೆಯುವ ಹಾಗೂ ಇರಲಿಲ್ಲ. ಕೇರಿಯ ಮನೆಗಳು ಅರಮನೆಯವು. ಉಳಿ ಹಿಡಿಯುವ ಗಂಡಿಲ್ಲದ ಮನೆಯನ್ನು ತಿಥಿ ಮುಗಿದ ಕೂಡಲೇ ಖಾಲಿ ಮಾಡಿಸುತ್ತಿದ್ದರು. ತಾನು ಹೋದ ಮೇಲೆ ಇವಳು ಎಲ್ಲಿಗೆ ಹೋಗಬೇಕು? ಕಲ್ಲುಕುಟಿಗ ಬಹಳ ದಿನ ಯೋಚಿಸಿದ. ರೋಗ ರಕ್ತದ್ದಾದರೆ ರಕ್ತವನ್ನೇ ಬದಲಾಯಿಸಿದರಾಯಿತು. ಇಷ್ಟು ಸುಲಭದ ಉಪಾಯ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಹೊಳೆಯ ಆಚೆ ದಡದಲ್ಲಿ ಅಂಬಿಗರಿದ್ದರು. ಒಳ್ಳೆಯ ಉಸಿರಿನ ಜನ. ಅವರ ಕೂಗು ಆ ದಡದಿಂದ ಈ ದಡಕ್ಕೆ ಕೇಳುತ್ತಿತ್ತು. ಅಲ್ಲೊಬ್ಬ ಮುದುಕ ಇನ್ನೂ ಹರಿಗೋಲು ಹಾಕುತ್ತಿದ್ದ. ಅವನ ಮೊಮ್ಮಗನೊಬ್ಬನಿಗೆ ತಾಯಿ ಸತ್ತಿದ್ದಳು, ಮಲತಾಯಿ ಬಂದಿದ್ದಳು. ಆ ಮಗುವನ್ನು ತನಗೆ ಸಾಕಲು ಕೊಡಿ ಎಂದು ಕಲ್ಲುಕುಟಿಗ ಮುದುಕನನ್ನು ಕೇಳಿದ.

ಮುದುಕ ಹುಟ್ಟು ಹಾಕುತ್ತಲೇ ಹೇಳಿದ: "ಕರಕೊಂಡು ಹೋಗಪ್ಪ. ನಮ್ಮವರು ಸತ್ತರೆ ನೀರಿಗೆ ಸಿಕ್ಕಿ ಸಾಯಬೇಕು. ನಿನ್ನ ಬಂಡೆ ಮೇಲೆ ಇವನನ್ನು ಮುಳುಗಿಸೋದಕ್ಕೆ ಯಾರಿಗಾಗುತ್ತೆ?"

ಇಬ್ಬರೂ ನಕ್ಕರು.

ಹೆಂಡತಿ ಮಗುವನ್ನು ಚೆನ್ನಾಗಿ ಸಾಕಿದಳು. ತನ್ನ ಎಲೆಯಿಂದ ತೆಗೆದು ಅವನ ಎಲೆಗೆ ಹಾಕಿದಳು. ಹುಡುಗ ಬೆಳೆದ. ಮೀಸೆ ಮೂಡುವ ಮೊದಲೇ ಕಲ್ಲುಕುಟಿಗ ಅವನ ಕೈಗೆ ಉಳಿ ಕೊಟ್ಟ. ಕೊಡುವಾಗ ಹಿಂದೆಮುಂದೆ ನೋಡಲಿಲ್ಲ. ಬೇರೆ ಅಪ್ಪಂದಿರು ಆ ದಿನವನ್ನು ಆದಷ್ಟು ಮುಂದೂಡುತ್ತಿದ್ದರು.

ಕೇರಿಯವರು ಹುಡುಗನನ್ನು "ಏ ಅಂಬಿಗ, ಇವತ್ತು ಬಂಡೆಯಲ್ಲಿ ನೀರು ಎಷ್ಟಿದೆಯೋ?" ಎಂದು ರೇಗಿಸುತ್ತಿದ್ದರು. ಅಪ್ಪನನ್ನೂ ಬಿಡುತ್ತಿರಲಿಲ್ಲ. "ನೀನೊಬ್ಬನೇ ಜಾಣ ಕಣಯ್ಯ. ನಾವೆಲ್ಲ ಸ್ವಂತ ಸಾಮರ್ಥ್ಯ ನೆಚ್ಚಿಕೊಂಡು ಕೆಟ್ಟೆವು." ಊಟದ ಹೊತ್ತಿಗೆ ಹುಡುಗ ಬಂಡೆಯ ತುದಿಯಲ್ಲಿ ನಿಂತು ಎಲ್ಲರನ್ನೂ ಕೂಗಿ ಕರೆಯುತ್ತಿದ್ದ. ಅಷ್ಟು ಸುತ್ತಿಗೆಗಳ ಸದ್ದಿನಲ್ಲೂ ಅವನ ಕೂಗು ಕೆಳಗಿನ ಹಳ್ಳದವರೆಗೆ ಹೋಗುತ್ತಿತ್ತು. ಕಲ್ಲುಕುಟಿಗ ಆಗಲೇ ಕೆಮ್ಮುತ್ತಿದ್ದ. ಆ ಕೂಗು ಕೇಳಿದಾಗಲೆಲ್ಲ ಅವನಿಗೆ ತನ್ನ ಕೆಮ್ಮು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅಪ್ಪ ಮಗ ಇಬ್ಬರೂ ತಾತನನ್ನು ನೋಡಿ ಬರೋಣವೆಂದು ಹೊಳೆಗೆ ಹೋದರು. ಮುದುಕ ಆಚೆ ದಡದಲ್ಲಿ ಹರಿಗೋಲಿನ ಪಕ್ಕ ಕುಳಿತಿದ್ದ. ಹುಡುಗ ಬಾಯಿಯ ಸುತ್ತ ಕೈ ಹಿಡಿದು ಕೂಗಿದ. ಮುದುಕ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕೂಗಿದ. ಕೂಗು ಅರ್ಧಕ್ಕೆ ತುಂಡಾಯಿತು. ಹುಡುಗ ಮೊಣಕಾಲಿನ ಮೇಲೆ ಕೈಯೂರಿ ಸ್ವಲ್ಪ ಹೊತ್ತು ಬಾಗಿ ನಿಂತ.

"ತಾತನಿಗೆ ಕಿವಿ ಮಂದ ಆಗಿದೆ ಅಪ್ಪ," ಎಂದ.

"ವಯಸ್ಸಾಯಿತಲ್ಲ," ಎಂದ ಕಲ್ಲುಕುಟಿಗ.

ಅಷ್ಟರಲ್ಲಿ ಬಳೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ದಡಕ್ಕೆ ಬಂದಳು. ಬುಟ್ಟಿಯನ್ನೂ ಇಳಿಸದೆ ಒಂದು ಸಲ ಕೂಗಿದಳು. ಮುದುಕ ಎದ್ದು ಹರಿಗೋಲು ನೂಕಿದ.

ಕಲ್ಲುಕುಟಿಗ ನೀರನ್ನು ನೋಡುತ್ತಾ ನಿಂತ. ಹುಡುಗನ ಮುಖ ನೋಡಲಿಲ್ಲ.

ಮಾರನೆಯ ದಿನ ಮಗನನ್ನು ಕರೆದುಕೊಂಡು ವೈದ್ಯನ ಮನೆಗೆ ಹೋದ. ಅಲ್ಲಿ ವೈದ್ಯನ ಮಾತು ಸ್ಪಷ್ಟವಾಗಿತ್ತು, ಒಂದು ಸಲಕ್ಕೇ ಕೇಳಿಸಿತು. ವೈದ್ಯ ಹುಡುಗನ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ. "ನಿಮ್ಮ ಮನೆತನದ್ದೇ," ಎಂದ.

"ಇವನು ನನ್ನ ಮನೆತನ ಅಲ್ಲ ಬುದ್ಧಿ. ಅಂಬಿಗರ ಹುಡುಗ. ತಾವೇ ರಕ್ತ ಅಂದ್ರಿ. ಅದಕ್ಕೇ ಬೇರೆ ರಕ್ತ ತಂದೆ."

ವೈದ್ಯನ ಮುಖದ ಮೇಲೆ ಏನೋ ಬಂದು ಹೋಯಿತು. ಆಮೇಲೆ ಕೇಳಿದ: "ಎಂದಿನಿಂದ ನಿಮ್ಮ ಮನೆಯ ಊಟ ಮಾಡುತ್ತಿದ್ದಾನೆ?"

"ಕೂಸಾಗಿದ್ದಾಗಿನಿಂದ."

"ಅದೇ ನೋಡು. ಉಂಡ ಅನ್ನವೇ ರಕ್ತವಾಗುವುದು. ನಿನ್ನ ಹೆಂಡತಿ ಉಣಿಸಿ ಉಣಿಸಿ ಇವನನ್ನೂ ನಿಮ್ಮವನನ್ನಾಗಿ ಮಾಡಿದ್ದಾಳೆ."

ಅಪ್ಪ ಮಗ ಹಿಂದಿರುಗಿದರು. ಮನೆಯಲ್ಲಿ ಹೆಂಡತಿ ತಟ್ಟೆಗೆ ಮುದ್ದೆ ಇಡುತ್ತಾ, "ಏನಂದ್ರು?" ಎಂದು ಕೇಳಿದಳು.

"ಮದ್ದಿಲ್ಲ ಅಂದ್ರು," ಎಂದ ಕಲ್ಲುಕುಟಿಗ. ಉಳಿದದ್ದನ್ನು ಹೇಳಲಿಲ್ಲ. ಹುಡುಗನೂ ಹೇಳಲಿಲ್ಲ. ಅವಳು ಇಟ್ಟದ್ದನ್ನೆಲ್ಲ ಉಂಡ, ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡ.

ಅರಮನೆಯ ಮೆಟ್ಟಿಲು ಮುಗಿಯುವ ಮೊದಲೇ ಹುಡುಗ ಸತ್ತ. ಮನೆ ಉಳಿಯಬೇಕಲ್ಲ, ಕಲ್ಲುಕುಟಿಗ ಮತ್ತೆ ಬಂಡೆಗೆ ಹೋದ. ಅವನು ಹೆಚ್ಚು ದಿನ ಇರಲಿಲ್ಲ. ತಿಥಿ ಮುಗಿದ ಮೇಲೆ ಮನೆ ಖಾಲಿಯಾಯಿತು. ಅವಳು ಯಾವ ಕಡೆ ಹೋದಳೋ ಯಾರೂ ಕೇಳಲಿಲ್ಲ. ವೈದ್ಯ ತನ್ನ ಗ್ರಂಥಕ್ಕೆ ಅನ್ನದ ಕುರಿತು ಒಂದು ಅಧ್ಯಾಯ ಸೇರಿಸಿದ. ಅದು ಮೊದಲಿನದ್ದಕ್ಕಿಂತ ಚೆನ್ನಾಗಿದೆ ಎಂದು ಪಂಡಿತರು ಹೇಳಿದರು. ರಾಜ ಇನ್ನೊಂದು ಶಾಲು ಹೊದಿಸಿದ.

ಗುರುಗಳು ಕತೆ ನಿಲ್ಲಿಸಿ ಬೇರನ್ನು ಮತ್ತೆ ಕೈಗೆತ್ತಿಕೊಂಡರು.

ಶಿಷ್ಯ ಹೇಳಿದ: "ಹಾಗಾದರೆ ರೋಗ ಕಲ್ಲಿನ ಧೂಳಿನದು. ಆದರೆ ಅದು ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ, ಗುರುಗಳೇ. ವೈದ್ಯನನ್ನು ದೂರಿ ಏನು ಫಲ? ಪಾಪ, ಅವನೂ ಒಂದು ವರ್ಷ ಅದೇ ಧೂಳಿನಲ್ಲಿ ಕುಳಿತಿದ್ದನಲ್ಲ."

"ಕುಳಿತಿದ್ದ," ಎಂದರು ಗುರುಗಳು, "ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಂದು ದಿನವೂ ಬಿಚ್ಚದೆ."