ಬುರುಜಿನ ದೀಪ

"ಕೇಳಿರಪ್ಪೋ ಕೇಳಿ! ಶಂಖಕೋಟೆಯ ಹೊನ್ನರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ!"

ಡಂಗುರ ಕೇಳಿದಾಗ ಬುಟ್ಟಿ ಹೆಣೆಯುವ ದುಗ್ಗ, ಕೋಟೆ ನೋಡಬೇಕೆಂದ ತಾಯಿಯನ್ನು ಕರೆತಂದು ಕಡಲಬಾಗಿಲಲ್ಲಿ ನಿಂತಿದ್ದ. ಯುವರಾಜನ ಹಡಗು ಇಲ್ಲಿಂದಲೇ ಹೊರಟದ್ದು. ವರ್ಷಗಳು ಕಳೆದರೂ ಮರಳಿರಲಿಲ್ಲ. ಅದರಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ದುಗ್ಗನ ಅಣ್ಣ ಬೊಮ್ಮನೂ ಒಬ್ಬ. ಅವರಿಗೆ ದಾರಿ ಕಾಣಲೆಂದು ಅರಸ ಬುರುಜಿನ ಮೇಲೆ ದೀಪ ಉರಿಸಿಟ್ಟಿದ್ದ. ಅದು ಉರಿಯುವ ತನಕ ಯಾರ ಮನೆಯಲ್ಲೂ ಆ ಹಡಗಿನವರ ತಿಥಿ ಮಾಡುವಂತಿರಲಿಲ್ಲ.

"ದೀಪ ಇನ್ನೂ ಉರೀತಿದೆ ನೋಡೋ. ಅರಸರಿಗೆ ಗೊತ್ತಿಲ್ಲದೆ ಇರುತ್ತಾ? ಬೊಮ್ಮ ಬಂದೇ ಬರ್ತಾನೆ," ಎಂದಳು ಅವ್ವ.

ದುಗ್ಗ ಅವಳನ್ನು ಬುರುಜಿನ ಕೆಳಗೆ ನಿಲ್ಲಿಸಿ ಅರಮನೆಯತ್ತ ನಡೆದ.

"ತಲೆ ಭಾರ ಆಯ್ತೇನೋ?" ಎಂದು ನಕ್ಕ ಕಾವಲಿನವನು.

ಸಭೆಯಲ್ಲಿ ಅರಸ ಕೇಳಿದ: "ದಿನಾ ಬಾಗಿಲ ತನಕ ಬರುತ್ತಾನೆ, ಒಳಗೆ ಬಂದು ಕೂರುವುದಿಲ್ಲ. ಯಾರು?"

"ಭಿಕ್ಷುಕ!" ಎಂದ ಸಾಹುಕಾರನ ಮಗನನ್ನು ಎಳೆದೊಯ್ದರು.

"ಕಡಲಿನ ಉಬ್ಬರ, ಒಡೆಯಾ. ಮೆಟ್ಟಿಲು ತೊಳೆದು ಹಿಂದಕ್ಕೆ ಹೋಗುತ್ತೆ," ಎಂದ ದುಗ್ಗ.

"ನೂರಾರು ಜನ ಹೊತ್ತು ತಂದದ್ದನ್ನು ಹಲ್ಲಿಲ್ಲದವಳೊಬ್ಬಳು ತಿನ್ನುತ್ತಿದ್ದಾಳೆ. ಯಾರವಳು?"

"ಬೆಂಕಿ," ಎಂದ ದಳವಾಯಿ. ಅವನನ್ನೂ ಒಯ್ದರು.

"ಉಪ್ಪುಗಾಳಿ, ಒಡೆಯಾ. ನಿಮ್ಮ ಕೋಟೆಯ ಕಲ್ಲು ಮುಟ್ಟಿದರೆ ಪುಡಿ ಉದುರುತ್ತೆ."

ಅರಸನ ದನಿ ಇಳಿಯಿತು. "ದಿನಾ ಅವನಿಗೆಂದು ಎಲೆ ಹಾಕುತ್ತಾರೆ. ಅವನು ಉಣ್ಣುವುದಿಲ್ಲ, ಹಸಿವು ಎನ್ನುವುದೂ ಇಲ್ಲ. ಎಲ್ಲಿದ್ದಾನೆ?"

"ದೂರದ ಬಂದರಿನಲ್ಲಿ, ಪ್ರಭು! ಸುಗ್ಗಿಯ ಹೊತ್ತಿಗೆ ಯುವರಾಜರು ಬಂದುಬಿಡುತ್ತಾರೆ," ಎಂದ ಸಾಮಂತನ ಮಗ. ಅರಸ ಅಲ್ಲವೆಂದು ತಲೆಯಾಡಿಸಿದ. ಭಟರು ಅವನ ತೋಳು ಹಿಡಿದರು.

ದುಗ್ಗ ಮುಂದೆ ಬಂದ. "ಸತ್ತಿದ್ದಾನೆ, ಒಡೆಯಾ."

ಭಟನೊಬ್ಬ ಕತ್ತಿ ಹಿರಿದ. ಅರಸ ಕೈಯೆತ್ತಿ ತಡೆದ. "ನಿನಗೆ ಹೇಗೆ ಗೊತ್ತು?"

"ನಮ್ಮವ್ವ ಅಣ್ಣನಿಗೆ ಅಂತ ಒಂದೆಲೆ ಹೆಚ್ಚು ಹಾಕ್ತಾಳೆ. ಅನ್ನ ಆರಿದ ಮೇಲೆ ಅವಳಿಗೆ ಕಾಣದ ಹಾಗೆ ಒಯ್ದು ಕಾಗೆಗೆ ಹಾಕಿ ಬರೋದು ನಾನೇ."

ಅರಸ ಗದ್ದುಗೆಯಿಂದ ಇಳಿದು ಬಂದ.

"ನಮ್ಮ ಮನೆಯಲ್ಲಿ ಆ ಕೆಲಸ ನನ್ನದು, ಮಗಾ," ಎಂದ. "ಬಾಯಿಬಿಟ್ಟು ಹೇಳುವವರು ಯಾರಾದರೂ ಬೇಕಾಗಿತ್ತು. ಏನು ಕೊಡಲಿ?"

"ಆ ದೀಪ ಆರಿಸಿಬಿಡಿ, ಒಡೆಯಾ."

ಸೋತ ಮೂವರನ್ನೂ ಬಿಟ್ಟುಬಿಡಿ ಎಂದು ಹೇಳಿ, ಅರಸ ತಾನೇ ಬುರುಜು ಹತ್ತಿದ. ದೀಪ ಆರಿದಾಗ ಕೆಳಗೆ ನಿಂತಿದ್ದ ಅವ್ವ ಒಂದೇ ಒಂದು ಸಲ ಚೀರಿದಳು.

ಆ ಸಂಜೆ ಛತ್ರದಲ್ಲಿ ಅವಳು ಎರಡೇ ಎಲೆ ಹಾಕಿದಳು. ಮೂರನೆಯದನ್ನು ಸೆರಗಿನಿಂದ ಒರೆಸಿ ದುಗ್ಗನ ಕೈಗಿತ್ತಳು.

"ನಾಳೆ ಪಿಂಡ ಇದರಲ್ಲೇ ಬಿಡು. ಬಹಳ ದಿನ ಕಾದಿದ್ದಾನೆ."