ಬಾಗಿಲಲ್ಲಿ ಹೇಳಿದ ಒಡಪು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಒಂದು ಪುಸ್ತಕ ಬರೆಯಬೇಕು ಅಂತಿದ್ದೇನೆ. ಓದಿದವರೆಲ್ಲ ಮೆಚ್ಚಬೇಕು. ಅದರಲ್ಲಿ ಏನೇನು ಹಾಕಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಮದುವೆಯಾಯಿತು. ಆ ಕಡೆ ಒಂದು ಪದ್ಧತಿ. ಹೊಸ ಗಂಡ ಹೆಂಡತಿ ಮನೆಗೆ ಬಂದಾಗ ಗಂಡಿನ ಅಕ್ಕ ಬಾಗಿಲು ಹಾಕಿ ಅಡ್ಡ ನಿಲ್ಲುತ್ತಾಳೆ. ಒಬ್ಬರ ಹೆಸರನ್ನು ಒಬ್ಬರು ಪ್ರಾಸದ ಸಾಲಿನಲ್ಲಿ ಸೇರಿಸಿ, ಒಡಪು ಕಟ್ಟಿ ಹೇಳಬೇಕು. ಹೇಳಿದರೆ ಮನೆ. ಇಲ್ಲದಿದ್ದರೆ ಅಂಗಳ.

ರೈತನಿಗೆ ಒಂದೇ ಆಸೆ. ತನ್ನಂಥ ಒಡಪನ್ನು ಊರಲ್ಲಿ ಯಾರೂ ಹೇಳಿರಬಾರದು. ಮದುವೆಗೆ ಮೊದಲೇ ಕಟ್ಟತೊಡಗಿದ. ಅಯ್ಯನವರು ಕೇಳುತ್ತಾರೆ ಎಂದು ದೇವರನ್ನು ಹಾಕಿದ. ಗೌಡರು ಬರುತ್ತಾರೆ ಎಂದು ಗೌಡರ ಮನೆತನ ಹಾಕಿದ. ಮಾಸ್ತರರು ಇರುತ್ತಾರೆ ಎಂದು ತನಗೇ ತಿಳಿಯದ ನಾಲ್ಕು ಮಾತು ಹಾಕಿದ. ಒಡಪು ಬೆಳೆಯಿತು.

ಮದುವೆ ಮುಗಿಸಿ ಬಂದು ಬಾಗಿಲಲ್ಲಿ ನಿಂತರು. ಹುಡುಗಿ ಎರಡೇ ಸಾಲಿನಲ್ಲಿ ಗಂಡನ ಹೆಸರು ಹೇಳಿ ತಲೆ ತಗ್ಗಿಸಿದಳು. ರೈತ ಗಂಟಲು ಸರಿಮಾಡಿಕೊಂಡ. ಬಿಸಿಲು ಏರುವ ತನಕ ಹೇಳಿದ. ಅಯ್ಯನವರು ತಲೆ ತೂಗಿದರು. ಗೌಡರು ತೊಡೆ ತಟ್ಟಿದರು. ಮಾಸ್ತರರು ಭಲೆ ಎಂದರು.

ಅಕ್ಕ ಅಲುಗಲಿಲ್ಲ.

"ಮುಗೀತೇನೋ ತಮ್ಮಾ?"

"ಮುಗೀತು, ಅಕ್ಕಾ. ಬಾಗಿಲಾ ತಗಿ."

"ಹೇಣ್ತಿ ಹೆಸರು ಎಲ್ಲೈತೋ? ಗೌಡರ ಹೆಸರು ಹೇಳಿದೆಲ್ಲ, ಅವರ ಕೂಡ ಸಂಸಾರ ಮಾಡಾಂವೇನು?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗೌಡರೂ ನಕ್ಕರು. ರೈತನ ಮುಖ ಕೆಂಪಾಯಿತು. ಅಷ್ಟು ಉದ್ದದ ಒಡಪಿನಲ್ಲಿ ಆ ಹೆಸರೊಂದು ಬಿಟ್ಟುಹೋಗಿತ್ತು. ಹುಡುಗಿ ಮಾತ್ರ ನಗಲಿಲ್ಲ. ತವರು ಬಿಟ್ಟು ಬಂದವಳು. ಹೆಸರು ಬಾರದೆ ಒಳಗೆ ಹೋಗುವ ಹಾಗಿಲ್ಲ. ಹಿಂದಕ್ಕೂ ಹೋಗುವ ಹಾಗಿಲ್ಲ. ಕಾದ ನೆಲದ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದಳು.

ಬೆಳಗಿನಿಂದ ಅವನು ಅವಳ ಕಡೆ ನೋಡಿರಲಿಲ್ಲ. ಈಗ ನೋಡಿದ. ಕಟ್ಟಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಹೇಳಿದ:

"ನಿಂತು ನಿಂತು ನೊಂದಾವ ಕಾಲು,
ದುಂಡವ್ವ ಬಂದಾಳ, ತೆಗೀರಿ ಬಾಗಿಲು."

ಈ ಸಲ ಮೊದಲ ನಗು ಹುಡುಗಿಯ ಸೆರಗಿನೊಳಗಿಂದ ಬಂತು. ಅಕ್ಕ, "ಹಿಂಗ ಹೇಳಾಕ ಇಷ್ಟ ಹೊತ್ತೇನೋ, ಹುಚ್ಚಪ್ಪಾ" ಎಂದು ಬಾಗಿಲು ತೆಗೆದಳು. ಹುಡುಗಿ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದ ಜೋರಿಗೆ ಅಕ್ಕಿ ನಡುಮನೆಯ ತನಕ ಹರಡಿತು. ಆ ಒಡಪನ್ನು ಊರಿನ ಹುಡುಗರು ಇವತ್ತಿಗೂ ತಮ್ಮ ತಮ್ಮ ಹೆಂಡಿರ ಹೆಸರು ಹಾಕಿ ಹೇಳುತ್ತಾರೆ.

ಶಿಷ್ಯ ಬಹಳ ಹೊತ್ತು ನಕ್ಕ. ಅವನ ನಗು ಮುಗಿಯಲಿ ಎಂದು ಗುರುಗಳು ಕಾದರು. ಆಮೇಲೆ ಕೇಳಿದರು:

"ಈಗ ಹೇಳಪ್ಪ, ನೀನು ಯಾರ ಹೆಸರು ಹೇಳಲು ಬಂದು ನಿಂತಿದ್ದೀಯ?"